ಹೆಂಗಸರ ‘ನಾನು’

ಸಾನ್ ಮಾರ್ಸೆಲೊ, ಮರನ್ಯೋನ್ ನದಿಯ ದಂಡೆ
14 ಜೂನ್ 2019

ಪ್ರೀತಿಯ ಅಮ್ಮಾ,

ಕೆಮ್ಮು ಕಡಿಮೆಯಾಯಿತೇ? ಇಕಿತೋಸ್ ಪಟ್ಟಣದ ಆ ಹೋಟೆಲಿನ ಒಲೆ ಮುಂದೆ ಮೂರು ಹೊತ್ತೂ ನಿಂತರೆ ಹೇಗೆ ಕಡಿಮೆಯಾದೀತು ಎಂದು ಅಜ್ಜಿಯ ಗೊಣಗಾಟ. ಇಲ್ಲಿ ನೀರು ಇಳಿಯುತ್ತಿದೆ, ಮೀನು ಧಾರಾಳ. ನಾವೆಲ್ಲ ಚೆನ್ನಾಗಿದ್ದೇವೆ.

ಆಸ್ಪತ್ರೆಯವರು ಫೋನಿನಲ್ಲಿ ಹಾಕಿದ ಮಾತುಗಳನ್ನು ನಮ್ಮ ಕುಕಾಮಾ ಭಾಷೆಗೆ ತರುತ್ತಿದ್ದೇನೆಂದು ಬರೆದಿದ್ದೆನಲ್ಲ. ಹೆರಿಗೆಯ ಅಪಾಯಗಳು ನದಿಯ ಮೇಲಿನ ಊರುಗಳ ಸೂಲಗಿತ್ತಿಯರಿಗೆ ತಿಳಿಯಲೆಂದು ಮಾಡಿದ್ದು. ಚಿತ್ರ ಒತ್ತಿದರೆ ಅದರೊಳಗಿನ ಬಸುರಿ ಮಾತಾಡುತ್ತಾಳೆ. ಭಾಷೆ ಬಲ್ಲವರು ಊರಲ್ಲಿ ಮುದುಕ ದೋನ್ ಆರ್ತೆಮಿಯೊ ಒಬ್ಬರೇ ಎಂದುಕೊಂಡಿದ್ದೆವು. ಅವರು ಹೇಳಿಕೊಟ್ಟರು, ನಾನು ನನ್ನ ದನಿಯಲ್ಲಿ ಹೇಳಿದೆ. ಆದರೆ ಸೂಲಗಿತ್ತಿಯರು ಕೇಳಿ ನಕ್ಕುಬಿಟ್ಟರು. ಏಕೆಂದೂ ಹೇಳದೆ ಆಸ್ಪತ್ರೆಯ ನಾಲ್ಕು ಫೋನನ್ನೂ ವಾಪಸು ಕೊಟ್ಟರು. ಹೀಗಾದರೆ ಇದನ್ನು ಕೈಬಿಡುತ್ತೇವೆ ಎಂದರು ಆಸ್ಪತ್ರೆಯವರು.

ಮಂಗಳವಾರ ಅಡುಗೆಮನೆಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆ. ಅಜ್ಜಿ ಮರಗೆಣಸು ಸುಲಿಯುತ್ತಿದ್ದಳು. ತಲೆಯೆತ್ತದೆ ಅಂದಳು: “ಯಾವ ಗಂಡಸಿಗೆ ಹೆರಿಗೆ ನೋವು ಬಂತೇ, ನಿಲ್ಡಾ?”

ನನಗೆ ಅರ್ಥವಾಗಲಿಲ್ಲ. “ಆ ಆರ್ತೆಮಿಯೊ ಗಂಡಸರ ಮಾತು ಕಲಿಸಿದಾನೆ. ‘ನಾನು’ ಅನ್ನೋಕೆ ಅವರು ‘ತ’ ಅಂತಾರೆ. ನಾವು ‘ತ್ಸ’ ಅನ್ನಬೇಕು,” ಎಂದಳು.

ನಾವು! ಅಮ್ಮಾ, ನಿನ್ನ ತಾಯಿಗೆ ಭಾಷೆ ಬರುತ್ತದೆ. ಚಾಕು ಕೆಳಗಿಟ್ಟು, ಇಡೀ ಮೂವತ್ತೆರಡು ವಾಕ್ಯಗಳನ್ನು ಹೆಂಗಸರ ಮಾತಿನಲ್ಲಿ ಹೇಳಿದಳು, ಎಲ್ಲೂ ತಡವರಿಸದೆ. ಇಷ್ಟು ವರ್ಷ ಅದೆಲ್ಲ ಎಲ್ಲಿತ್ತು? ಶಾಲೆಯಲ್ಲಿ ಆ ಮಾತಾಡಿದ್ದಕ್ಕೆ ಅವಳನ್ನು ಜೋಳದ ಕಾಳಿನ ಮೇಲೆ ಮಂಡಿಯೂರಿಸುತ್ತಿದ್ದರಂತೆ. ತನ್ನ ಮಗಳಿಗೆ ಆ ಗತಿ ಬರಬಾರದೆಂದು, ನೀನು ಹುಟ್ಟಿದ ಮೇಲೆ ಆ ಮಾತನ್ನೇ ಬಿಟ್ಟಳಂತೆ.

ಮರುದಿನ ಅಜ್ಜಿಯ ದನಿಯನ್ನೇ ಫೋನಿನಲ್ಲಿ ಹಿಡಿದೆವು. ದೋನ್ ಆರ್ತೆಮಿಯೊ ಟೋಪಿ ತೆಗೆದು ನಿಂತೇ ಕೇಳಿದರು. ತಮ್ಮ ಅವ್ವ ಸತ್ತ ಮೇಲೆ ಹೆಂಗಸರ ಈ ಮಾತು ಕಿವಿಗೆ ಬಿದ್ದಿರಲಿಲ್ಲ ಎಂದು ಹೇಳಿ ಬೇಗನೆ ಹೊರಟುಹೋದರು. ನಿನ್ನೆ ಸೂಲಗಿತ್ತಿಯರಿಗೆ ಕೇಳಿಸಿದೆ. ಯಾರೂ ನಗಲಿಲ್ಲ. ರಕ್ತಸ್ರಾವದ ಚಿತ್ರ ಒತ್ತಿದವಳು, “ಪಾಪ, ಇವಳನ್ನ ಒಯ್ಯೋಕೆ ಮೊದಲು ದೋಣಿ ತರ್ಸಿ,” ಎಂದು ಎದ್ದೇ ನಿಂತಳು. ನಾಲ್ಕೂ ಫೋನು ತೆಗೆದುಕೊಂಡು ಹೋದರು.

ಔಷಧಿ ತಪ್ಪಿಸಬೇಡ. ದೋನ್ ಆರ್ತೆಮಿಯೊ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ.

ನಿನ್ನ ಮಗಳು,
ನಿಲ್ಡಾ

ಮರೆತಿದ್ದೆ, ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದರೂ ಇದೊಂದು ಹೇಳಬೇಕು: ನೀನು ಹುಟ್ಟಿದ ದಿನ ಅಜ್ಜಿ ನಿನಗೆ ನಮ್ಮ ಮಾತಿನಲ್ಲೊಂದು ಹೆಸರಿಟ್ಟಿದ್ದಳಂತೆ. ಒಮ್ಮೆಯೂ ಜೋರಾಗಿ ಕರೆದಿಲ್ಲ. ನನಗೂ ಹೇಳುವುದಿಲ್ಲ, ಬರೆಯಲೂ ಬಿಡುವುದಿಲ್ಲ. “ಅವಳೇ ಬರ್ಲಿ, ಕರೀತೀನಿ,” ಅನ್ನುತ್ತಾಳೆ.