ಡೊಂಕಿಲ್ಲದ ನೆಲ

ಬೋರ್ಗ್ ದಿ ಸೋಟ್, ಫ್ರಿಯುಲಿ
೧೪ ಸೆಪ್ಟೆಂಬರ್ ೧೯೫೮, ಭಾನುವಾರ

ಪ್ರೀತಿಯ ಅಲ್ಚೀದೆ,

ನಿನ್ನ ಸೊಂಟ ಹೇಗಿದೆ? ಜ್ಯೂರಿಕ್‌ನಲ್ಲಿ ಆಗಲೇ ಚಳಿ ಹಿಡಿದಿದೆಯಂತೆ. ಉಣ್ಣೆಯ ಪಟ್ಟಿ ಸುತ್ತಿಕೊಂಡೇ ಇಟ್ಟಿಗೆ ಹೊರು, ಗಂಡಸುತನ ತೋರಿಸಲು ಹೋಗಬೇಡ. ಬ್ಯಾರಕ್ಕಿನ ಸೂಪು ಬರೀ ನೀರು ಎಂದಿದ್ದೆಯಲ್ಲ, ಆ ಕಡೆ ಹೊರಟವರ ಕೈಯಲ್ಲಿ ಚೀಸು, ಒಂದು ಸೀಸೆ ಗ್ರಪ್ಪಾ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ, ಹಸುವೂ ಚೆನ್ನಾಗಿದೆ. ನಿನ್ನ ಅಪ್ಪನಂತೂ ನಮ್ಮಿಬ್ಬರಿಗಿಂತ ಗಟ್ಟಿ. ಬೈಯುವುದಕ್ಕೆ ಅವರಲ್ಲಿ ಇನ್ನೂ ಬೇಕಾದಷ್ಟು ಉಸಿರಿದೆ.

ನಿನ್ನ ಕಾಗದ ತಲುಪಿತು. ಹಿತ್ತಲಲ್ಲಿ ನಾನು ಕಟ್ಟಿರುವ ಬೋಚ್ಚೆ ಗುಂಡಾಟದ ಅಂಕಣವನ್ನು ಕ್ರಿಸ್‌ಮಸ್‌ಗೆ ನೀನು ಬರುವಷ್ಟರಲ್ಲಿ ಅಗೆದು ಹಾಕಿ, ಮೊದಲಿನ ಹಾಗೆ ಕೋಸು ನೆಡಬೇಕು ಎಂದು ಬರೆದಿದ್ದೀಯ. ಅಗೆಯುವುದಿಲ್ಲ. ಮಾವ ನಿನಗೆ ಬರೆದದ್ದು ಅರ್ಧ ಕಥೆ. ಉಳಿದರ್ಧ ನಾನು ಹೇಳುತ್ತೇನೆ, ಕೂತು ಓದು.

ಮಾರ್ಚ್‌ನಲ್ಲಿ ನೀವು ಗಂಡಸರೆಲ್ಲ ಕೆಲಸಕ್ಕೆಂದು ರೈಲು ಹತ್ತಿದ ಮೇಲೆ ಹೆಂಡದಂಗಡಿಯ ಅಂಕಣದಲ್ಲಿ ಆಡುವವರೇ ಇಲ್ಲ, ನಾಲ್ಕು ಮುದುಕರನ್ನು ಬಿಟ್ಟರೆ. ಈಸ್ಟರ್ ದಿನ ಇಗರ್ಜಿಯಿಂದ ಬರುತ್ತಾ ನಾನು, ಪಕ್ಕದ ಮನೆಯ ಅಮಾಬಿಲೆ, ಅವಳ ನಾದಿನಿ ದೆಲ್ಫೀನಾ ಸುಮ್ಮನೆ ಗುಂಡುಗಳನ್ನು ಕೈಗೆತ್ತಿಕೊಂಡೆವು. ಆ ಅಂಕಣದ ಬೀಗದ ಕೈ ಇರುವುದು ಮಾವನ ಹತ್ತಿರ ತಾನೆ. ಓಡಿ ಬಂದರು. "ಗಂಡಸ್ರು ಊರಲ್ಲಿಲ್ಲ ಅಂದ್ರೆ ಹೇಳೋರು ಕೇಳೋರು ಯಾರೂ ಇಲ್ಲ ಅಂದ್ಕೊಂಡ್ರೇನ್ರೇ? ಹೋಗಿ, ಒಲೆ ಮೇಲೆ ಪೊಲೆಂತಾ ತಳ ಹತ್ತುತ್ತೆ" ಎಂದು ಊರೆದುರಿಗೆ ಗೇಟು ಹಾಕಿ ಬೀಗ ಜಡಿದರು. ನನಗೆ ಅವಮಾನವಾಯಿತು, ಅಲ್ಚೀದೆ. ಮನೆ ಮುಟ್ಟುವಷ್ಟರಲ್ಲಿ ಅದು ಸಿಟ್ಟಾಗಿತ್ತು. ನಿಮಗೆ ಅಲ್ಲಿ ಬ್ಯಾರಕ್ಕಿನ ಇಸ್ಪೀಟಾದರೂ ಇದೆ. ನಮಗೆ ಇಗರ್ಜಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕೊಟ್ಟಿಗೆ. ಈ ಊರಿನ ಹೆಂಗಸರು ಒಟ್ಟಿಗೆ ಕೂತು ನಗುವುದು ಯಾರಾದರೂ ಸತ್ತ ಮನೆಯಲ್ಲಿ ಮಾತ್ರ.

ಹಿತ್ತಲು ನನ್ನ ಅಮ್ಮ ನನಗೆ ಕೊಟ್ಟದ್ದು, ಅದನ್ನು ಮರೆಯಬೇಡ. ಕೋಸು ಕಿತ್ತು ಹಸುವಿಗೆ ಹಾಕಿದೆ. ಮೂವರೂ ಸೇರಿ ಮೊಣಕಾಲಿನ ಆಳ ಅಗೆದು, ತಾಲ್ಯಮೆಂತೊ ಹೊಳೆಯ ಕಲ್ಲನ್ನು ಕೈಗಾಡಿಯಲ್ಲಿ ತಂದು ತುಂಬಿದೆವು. ದಪ್ಪನೆಯವು ಕೆಳಗೆ, ಅದರ ಮೇಲೆ ಜಲ್ಲಿ, ಮೇಲೆ ಹಳೆಯ ಹೆಂಚು ಕುಟ್ಟಿದ ಪುಡಿ, ಮರಳು. ಹಂದಿಗೂಡಿಗೆಂದು ನೀನು ಕಾಪಾಡಿಟ್ಟ ಹಲಗೆಗಳು ಈಗ ಅಂಕಣದ ಅಂಚಾಗಿವೆ. ನಿನ್ನ ಪೀಪಾಯಿಗೆ ನೀರು ತುಂಬಿ ಉರುಳಿಸಿ ನೆಲ ಗಟ್ಟಿ ಮಾಡಿದೆವು. ವೈನ್ ಇಳಿಸುವ ಕೊಳವೆಯ ಎರಡೂ ತುದಿಗೆ ಗಾಜಿನ ನಳಿಗೆ ಸಿಕ್ಕಿಸಿ, ನೀರು ತುಂಬಿ, ಮಟ್ಟ ಹಿಡಿದೆ. ತೆರಾತ್ಸೊ ನೆಲ ಹಾಕುವವನ ಮಗಳು ನಾನು. ಮನುಷ್ಯರು ಸುಳ್ಳು ಹೇಳಿಯಾರು, ನೀರು ಹೇಳುವುದಿಲ್ಲ ಎಂದು ಅಪ್ಪ ಹೇಳಿದ್ದು ಮರೆತಿಲ್ಲ.

ಆಗಸ್ಟ್‌ನಲ್ಲಿ ದೇವಮಾತೆಯ ಹಬ್ಬದ ದಿನ ಮಾವ ಉಳಿದ ಮೂವರು ಮುದುಕರನ್ನು ಕಟ್ಟಿಕೊಂಡು ನಗುವುದಕ್ಕೆಂದೇ ಬಂದರು. ಕೂತು ನೋಡಿದರೆ ಸಾಕಿತ್ತು, ಆಡುತ್ತೇವೆಂದರು. ಅವರು ಎಸೆದ ಒಂದೊಂದು ಗುಂಡೂ ಗುರಿಗಿಟ್ಟ ಪುಟ್ಟ ಗುಂಡಿನಿಂದ ಮಾರು ದೂರ, ಎಡಕ್ಕೇ ಹೋಗಿ ಹಲಗೆಗೆ ಬಡಿಯಿತು. ನನಗೂ ಮೊದಲು ತಿಳಿಯಲಿಲ್ಲ, ಆಮೇಲೆ ಹೊಳೆಯಿತು. ಹೆಂಡದಂಗಡಿಯ ಅಂಕಣವನ್ನು ಆ ಚಿನಾರ್ ಮರದ ಬೇರು ಒಂದು ಕಡೆ ಎತ್ತಿ, ಅದು ಎಸೆಯುವವರ ಬಲಕ್ಕೆ ವಾಲಿದೆ, ಗುಂಡು ಅತ್ತಲೇ ಜಾರುತ್ತದೆ. ಹುಟ್ಟಿದಾಗಿನಿಂದ ಅಲ್ಲೇ ಆಡಿದ ನೀವೆಲ್ಲ ಎಡಕ್ಕೆ ಎಸೆಯುವುದನ್ನೇ ನೆಟ್ಟಗೆ ಎಂದುಕೊಂಡಿದ್ದೀರಿ. ನಮ್ಮನ್ನು ಅಲ್ಲಿ ಕಾಲಿಡಲು ಬಿಡದಿದ್ದುದಕ್ಕೆ ನಮಗೆ ಆ ಚಾಳಿ ಹತ್ತಿಲ್ಲ. ಗಂಡಸರಿಗೆ ಒಂದೇ ಒಂದು ಅಂಕ ಸಿಗಲಿಲ್ಲ. ಮಾವ ಟೋಪಿ ತೆಗೆದು ಬೆವರು ಒರೆಸಿ, "ನೆಲ ಡೊಂಕಾಗಿದೆ" ಎಂದರು. ಅಮಾಬಿಲೆ ಬಿಡುತ್ತಾಳೆಯೇ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ತಾರ್ಚೀಸಿಯೊ ಮಾಮ" ಎಂದುಬಿಟ್ಟಳು. ನಾನು ಕೊಳವೆ ತಂದು ಅವರೆದುರೇ ಹಿಡಿದೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಂತಿತು. ಅವರು ಮನೆಗೆ ಹೋಗಿ ನಿನಗೆ ಕಾಗದ ಬರೆದರು.

ಆದ್ದರಿಂದ ಅಂಕಣ ಇರುತ್ತದೆ. ಭಾನುವಾರ ಮಧ್ಯಾಹ್ನ ಇಲ್ಲಿ ಎಷ್ಟು ನಗು ಕೇಳುತ್ತದೆಂದು ನಿನಗೆ ಗೊತ್ತಿಲ್ಲ. ಅದನ್ನು ಕೋಸಿಗಾಗಿ ಬಿಟ್ಟುಕೊಡಲಾರೆ, ನಿನಗಾಗಿಯೂ ಬಿಟ್ಟುಕೊಡಲಾರೆ. ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಹೇಳುತ್ತಿಲ್ಲ. ನಿನ್ನ ಸೊಂಟವನ್ನು ಸಂತ ಅಂತೋನಿ ಕಾಯಲಿ, ನಿನ್ನ ಸಿಟ್ಟನ್ನು ಬಂದ ಮೇಲೆ ನಾನು ನೋಡಿಕೊಳ್ಳುತ್ತೇನೆ. ಅಮಾಬಿಲೆ, ದೆಲ್ಫೀನಾ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ, ನಗುತ್ತಲೇ.

ನಿನ್ನವಳೇ ಆದ
ಒನೊರೀನಾ

ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಹಿತ್ತಲಲ್ಲಿ ಗುಂಡು ಹಲಗೆಗೆ ಬಡಿದ ಸದ್ದಾಯಿತು. ಹೋಗಿ ನೋಡಿದರೆ ನಿನ್ನ ಅಪ್ಪ. ಊರೆಲ್ಲ ಇಗರ್ಜಿಗೆ ಹೋಗಿರುವ ಹೊತ್ತು ನೋಡಿ ಒಬ್ಬರೇ ಬಂದಿದ್ದಾರೆ, ನೆಟ್ಟಗೆ ಎಸೆಯುವುದನ್ನು ಕಲಿಯುತ್ತಿದ್ದಾರೆ. ಕಾಫಿ ಕೊಟ್ಟೆ. "ಅಲ್ಚೀದೆಗೆ ಮಾತ್ರ ಬರೀಬೇಡ ಕಣಮ್ಮ" ಎಂದರು. ಬರೆದಿದ್ದೇನೆ. ಈಗ ಕೈಕುಂಟೆ ಹಿಡಿದು ಮರಳು ಸಮ ಮಾಡುತ್ತಿದ್ದಾರೆ. ಇದನ್ನು ಅಗೆಯಬೇಕೆನ್ನುವವನು ಇನ್ನು ನೀನೊಬ್ಬನೇ ಉಳಿದೆ. ಕ್ರಿಸ್‌ಮಸ್‌ಗೆ ಬಾ, ಗುದ್ದಲಿ ಬಾಗಿಲ ಹಿಂದೆಯೇ ಇದೆ. ಮೊದಲು ನನ್ನ ಜೊತೆ ಒಂದು ಆಟ ಆಡಿ ಗೆಲ್ಲು, ಆಮೇಲೆ ಅದನ್ನು ಮುಟ್ಟು.