ಐವತ್ತೆರಡು ನಿಮಿಷದ ವಿಶ್ರಾಂತಿ

ಏಪ್ರಿಲ್ 2, ಬುಧವಾರ. ಮಧ್ಯಾಹ್ನ 2.10

ನಾನು ಕಾಯುವ ಸ್ಟೇಷನ್ನಿನ ಎರಡೂ ಚಾರ್ಜಿಂಗ್ ಗನ್ ನಡೆದಿವೆ. ಅರವತ್ತು ಕಿಲೋವ್ಯಾಟಿನ ಚಾರ್ಜರ್. ಎರಡು ಬ್ಯಾಟರಿ ಟೆಂಪೊ ನಿಂತರೆ ತಲಾ ಮೂವತ್ತು, ಅಂದರೆ ಒಂದೊಂದಕ್ಕೂ ಗಂಟೆಯ ಹತ್ತಿರ. ಬಿಸಿಲಿಗೆ ಕಾದು ನಡುನಡುವೆ ಟ್ರಿಪ್ ಆಗಿ ನಿಲ್ಲುತ್ತದೆ. ಮತ್ತೆ ಶುರುವಾಗಲು ಡ್ರೈವರನ ಫೋನಿಗೆ ಓಟಿಪಿ ಬರಬೇಕು, ಅದನ್ನು ಒತ್ತಬೇಕು. ಇಂದು ಫಕೀರಪ್ಪನ ಗಾಡಿಗೆ ಐದು ಸಲ.

ಕಂಪನಿಯ ಡ್ರೈವರ್ ಡ್ಯೂಟಿ ಚಾರ್ಟಿನಲ್ಲಿ ಚಾರ್ಜಿಂಗಿನ ಈ ಹೊತ್ತಿಗೆ ಇಟ್ಟಿರುವ ಹೆಸರು — ವಿಶ್ರಾಂತಿ. ಕೆಲಸದ ಲೆಕ್ಕಕ್ಕಿಲ್ಲ. ಹೆಸರಿಟ್ಟವನನ್ನು ಒಂದು ಮಧ್ಯಾಹ್ನ ಈ ತಗಡಿನ ಕೆಳಗೆ ಕೂರಿಸಬೇಕು.

ನನ್ನಂತೆ ಕನ್ನಡ ಸೀಮೆಯಿಂದ ಈ ಮರಾಠಿ ಊರಿಗೆ ದುಡಿಯಲು ಬಂದ ಫಕೀರಪ್ಪ ಬೆಳಗಿನ ನಾಲ್ಕಕ್ಕೆ ಚಾಕಣದಿಂದ ಹೊರಟವನು. ಕಣ್ಣು ಕೆಂಡ. ಫೋನ್ ಕಸಿದುಕೊಂಡೆ.

"ಮಲ್ಕೋ. ಓಟಿಪಿ ನಾ ಒತ್ತತೀನಿ."

"ಹುಲಿಗೆವ್ವಕ್ಕಾ, ಫೋನ್ ಯಾರಿಗೂ ಕೊಡಬ್ಯಾಡ ಅಂತ ಕಂಪನಿ ರೂಲ್ ಅದ."

"ನಿದ್ದಿ ಮಾಡಬ್ಯಾಡ ಅಂತ ರೂಲ್ ಇಲ್ಲಲ್ಲ? ಮಲ್ಕೋ."

ಗೋಡೆಯ ನೆರಳಲ್ಲಿ ರಟ್ಟು ಹಾಸಿಕೊಂಡ. ಎರಡೇ ನಿಮಿಷಕ್ಕೆ ಗೊರಕೆ.

ಏಪ್ರಿಲ್ 5, ಶನಿವಾರ

ಸುದ್ದಿ ಹಬ್ಬಿದೆ. ಇಂದು ಮಡಿಲಲ್ಲಿ ನಾಲ್ಕು ಫೋನ್. ಯಾವುದು ಯಾರದೆಂದು ಸುಣ್ಣದಲ್ಲಿ ಗುರುತು ಹಾಕಿಕೊಂಡೆ. ನಾಲ್ವರೂ ಸರದಿಯಲ್ಲಿ ಮಲಗಿದರು. ಮೇಲೆ ಕ್ಯಾಮೆರಾ ನೋಡುತ್ತಿತ್ತು. ನೋಡಲಿ.

ಏಪ್ರಿಲ್ 7, ಸೋಮವಾರ

ನಾಳೆ ಕಾರ್ಮಿಕ ಕಚೇರಿ ಎದುರು ನಮ್ಮ ಯೂನಿಯನ್ನಿನ ಧರಣಿ. ಬೇಡಿಕೆ ಒಂದೇ: ಚಾರ್ಜಿಂಗ್ ಹೊತ್ತೂ ಕೆಲಸವೇ. ರಜೆ ಕೇಳಿದೆ. ಇಲ್ಲವೆಂದರು — ಈ ಸ್ಟೇಷನ್ನಿಗೆ ನಾನೊಬ್ಬಳೇ. ವಾರದ ರಜೆಯೂ ಇಲ್ಲದ ಕೆಲಸ.

"ನೀ ಹೋಗಕ್ಕಾ, ಗನ್ ಹಚ್ಚೂದು ನಮಗೂ ಬರ್ತದ" ಎಂದ ಫಕೀರಪ್ಪ. ನಾಳಿನ ಹಾಜರಿ ಸಹಿ ಇಂದೇ ಹಾಕಿಬಿಟ್ಟೆ. ಇಪ್ಪತ್ತು ವರ್ಷ ಸುಳ್ಳು ಮಸ್ಟರಿನ, ಸುಳ್ಳು ಹಾಜರಿಯ ವಿರುದ್ಧ ಗಂಟಲು ಹರಿದುಕೊಂಡವಳು ನಾನೇ. ಹಾಕಿದೆ. ಇರಲಿ.

ಏಪ್ರಿಲ್ 8, ಮಂಗಳವಾರ. ಸಂಜೆ

ಅರವತ್ತು ಜನ ಕೂತಿದ್ದೆವು. ಘೋಷಣೆಗೆ ಕಿಟಕಿ ಅದುರಿತು. ಪೇಪರಿನವರು ಬಂದು ಫೋಟೊ ತೆಗೆದರು. ಭಾಳ ದಿನದ ಮೇಲೆ ಎದೆ ಹಗುರ —

7.40. ಫೋನ್ ಬಂತು. ಚಾರ್ಜ್ ಮುಗಿಸಿ ಹೊರಟ ಫಕೀರಪ್ಪ ಮೋಶಿ ಹತ್ತಿರ ಸ್ಟೀರಿಂಗ್ ಮೇಲೇ ತೂಕಡಿಸಿದ. ಟೆಂಪೊ ಡಿವೈಡರಿಗೆ ಬಡಿದಿದೆ. ಜೀವ ಉಳಿದಿದೆ. ಹೆಗಲ ಎಲುಬು ಮುರಿದಿದೆ.

ಇಂದು ಓಟಿಪಿ ಒತ್ತಲು ನಾನಿರಲಿಲ್ಲ. ಇದ್ದಿದ್ದರೆ ಮಲಗುತ್ತಿದ್ದ.

ಏಪ್ರಿಲ್ 12, ಶನಿವಾರ

ಮೂರು ದಿನ ಪೆನ್ನು ಮುಟ್ಟಲಿಲ್ಲ.

ಫಕೀರಪ್ಪನಿಗೆ ನೋಟಿಸ್. ಐವತ್ತೆರಡು ನಿಮಿಷ ವಿಶ್ರಾಂತಿ ಕೊಟ್ಟರೂ ಗಾಡಿ ಓಡಿಸುತ್ತ ನಿದ್ದೆ ಮಾಡಿದ, ಆದ್ದರಿಂದ ಕೆಲಸದಿಂದ ವಜಾ. ವಜಾ ಕಾಯಂ ಮಾಡುವ ಕಂಪನಿ ವಿಚಾರಣೆ ಹದಿನಾರಕ್ಕೆ.

ಯೂನಿಯನ್ನಿನವರು ಚಾರ್ಜರಿನ ಲಾಗ್ ದಾಖಲೆ ತೆಗೆಸಿದರು. ಎಂಟನೇ ತಾರೀಕು, ಆ ಐವತ್ತೆರಡು ನಿಮಿಷದಲ್ಲಿ ಏಳು ಓಟಿಪಿ. ಏಳೇಳು ನಿಮಿಷಕ್ಕೆ ಎದ್ದು ಒತ್ತುವವನಿಗೆ ಎಲ್ಲಿಯ ನಿದ್ದೆ, ಎಲ್ಲಿಯ ವಿಶ್ರಾಂತಿ? ಕಂಪನಿಯ ಯಂತ್ರವೇ ಸಾಕ್ಷಿ ಎಂದು ಕುಣಿದೆವು.

ಕಂಪನಿ ಆಫೀಸಿನ ಪ್ರಣವ ಸಾಹೇಬ ಲ್ಯಾಪ್‌ಟಾಪ್ ತಿರುಗಿಸಿದ. ಐದನೇ ತಾರೀಕಿನ ಕ್ಯಾಮೆರಾ. ನಾನು, ನಾಲ್ಕು ಫೋನ್, ಹಿಂದೆ ಮಲಗಿದ ಡ್ರೈವರರು. "ಒತ್ತಾಕಿ ಈ ಹೆಂಗಸು. ಅವ ಮಲಗಿದ್ದ. ಎಂಟಕ್ಕೂ ಈಕಿ ಡ್ಯೂಟಿ ಮ್ಯಾಲಿದ್ಳು, ಸಹಿ ಅದ."

ಎಂಟನೇ ತಾರೀಕಿನ ಕ್ಯಾಮೆರಾ ತೋರಿಸಿ ಎಂದೆವು. ಅಂದು ಕೆಟ್ಟಿತ್ತಂತೆ. ಬಿಸಿಲಿಗಂತೆ. ಉಳಿದ ಡ್ರೈವರರ ಮಾತು ಬೇಡವಂತೆ, ಅವರೆಲ್ಲ ಯೂನಿಯನ್ನಿನವರಂತೆ.

ನನ್ನ ಕರುಣೆ, ನನ್ನ ಸುಳ್ಳು ಸಹಿ. ಎರಡನ್ನೂ ಹೊಸೆದು ಅವನ ಕೊರಳಿಗೆ ಹಗ್ಗ ಮಾಡಿದ್ದಾರೆ.

ಏಪ್ರಿಲ್ 13, ಭಾನುವಾರ

ಫಕೀರಪ್ಪನ ಮನೆಗೆ ಹೋದೆ. ಕೈ ಕೊರಳಿಗೆ ಕಟ್ಟಿಕೊಂಡು ಹಲ್ಲು ಕಿರಿದ. "ನೋಡಕ್ಕಾ, ಖರೇ ವಿಶ್ರಾಂತಿ ಅಂದ್ರ ಇದು."

ಹೆಂಡತಿ ಬಸವಣ್ಣೆವ್ವ ನಗಲಿಲ್ಲ. ಚಹಾದ ಕಪ್ಪು ಕುಕ್ಕಿದಳು. "ಕಂಪನಿ ಕೊಟ್ಟಿದ್ದಲ್ಲರೀ ಅಕ್ಕಾರ, ಡಾಕ್ಟರ್ ಕೊಟ್ಟಿದ್ದು."

"ಅವತ್ತ ನಾ ಇರಲಿಲ್ಲಂತ ಹೇಳತೀನಿ" ಎಂದೆ.

"ಹುಚ್ಚಿ ಏನು? ಸಹಿ ಸುಳ್ಳು ಅಂದ ಕೂಡ್ಲೇ ನಿನ್ನೂ ತಗೀತಾರ. ಒಬ್ಬಂದು ಹೋಗೇದ, ಸಾಕು" ಎಂದ ಫಕೀರಪ್ಪ.

ಬಸವಣ್ಣೆವ್ವ ಬಾಗಿಲವರೆಗೆ ಬಂದಳು. ಹಿಡಿದ ನನ್ನ ಕೈ ಬಿಡಲಿಲ್ಲ.

ಏಪ್ರಿಲ್ 15, ಮಂಗಳವಾರ

ಒಂಬತ್ತನೇ ತಾರೀಕಿನ ಪೇಪರು ರದ್ದಿ ಅಂಗಡಿಯಲ್ಲಿ ಸಿಕ್ಕಿತು. ಧರಣಿಯ ಫೋಟೊ. ಮುಂದಿನ ಸಾಲಿನಲ್ಲಿ ನಾನು, ಬಾಯಿ ಹರಿಯುವಷ್ಟು ತೆರೆದು. ಕೆಳಗೆ ತಾರೀಕು, ವೇಳೆ. ಮಧ್ಯಾಹ್ನ ಎರಡು. ಅದೇ ಎರಡಕ್ಕೆ ಫಕೀರಪ್ಪ ತಗಡಿನ ಕೆಳಗೆ ಓಟಿಪಿ ಒತ್ತುತ್ತಿದ್ದ.

ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ.

ಏಪ್ರಿಲ್ 16, ಬುಧವಾರ. ಬೆಳಗ್ಗೆ 10.45

ವಿಚಾರಣೆಯ ಕೋಣೆಯ ಹೊರಗೆ ಬೆಂಚು. ಪ್ರಣವ ಸಾಹೇಬ ಬಂದು ಪಕ್ಕದಲ್ಲಿ ಕೂತ. ಒಳಗೆಲ್ಲ ಮರಾಠಿ, ಹೊರಗೆ ನನ್ನೊಡನೆ ಕನ್ನಡ, ಅದೂ ಚಿಕ್ಕಮ್ಮನೆಂದು ಕರೆದು, ಬೆಣ್ಣೆ ಹಚ್ಚಿ.

"ಮೌಶಿ, ಸಹಿ ನಂದ ಅಂತ ಅನ್ರಿ, ಸಾಕು. ನಿಮ್ಮ ಕೆಲಸಕ್ಕ ಏನೂ ಆಗೂದಿಲ್ಲ. ನಾವೆಲ್ಲಾ ಬೆಳಗಾವಿ ಕಡೆಯವ್ರು."

"ಬೆಳಗಾವಿ ಇಬ್ಬರದೂ ಹೌದ್ರಿ ಸಾಹೇಬ್ರ. ಆ ತಗಡಿನ ಬಿಸಿ ನಮಗಷ್ಟ."

ಎದ್ದು ಹೋದ.

ಈ ಕೆಲಸ ಹೋದರೆ ಐವತ್ತೆರಡರ ಹೆಂಗಸಿಗೆ ಇನ್ನೊಂದು ಯಾರು ಕೊಟ್ಟಾರು? ಯಾರೂ ಕೊಡರು. ಗೊತ್ತು. ಒಳಗೆ ನಾಲಿಗೆ ತಡವರಿಸಬಾರದು, ಹೇಳಬೇಕಾದ್ದನ್ನು ಇಲ್ಲೇ ಒಮ್ಮೆ ಬರೆದುಕೊಳ್ಳುತ್ತೇನೆ.

ಎಂಟನೇ ತಾರೀಕು ನಾನು ಡ್ಯೂಟಿಯಲ್ಲಿ ಇರಲಿಲ್ಲ. ಹಾಜರಿ ಸಹಿ ಸುಳ್ಳು, ಹಾಕಿದವಳು ನಾನೇ. ಇಲ್ಲಿದೆ ಫೋಟೊ. ಆ ಏಳೂ ಓಟಿಪಿ ಫಕೀರಪ್ಪನೇ ಒತ್ತಿದ್ದು. ಉಳಿದ ದಿನ ಒತ್ತಿದವಳು ನಾನು. ಯಾಕೆ ಒತ್ತಿದೆನೆಂದರೆ ನಿಮ್ಮ ಚಾರ್ಟಿನಲ್ಲಿ ಬರೆದ ವಿಶ್ರಾಂತಿಯನ್ನು ಅವರಿಗೆ ಯಾರಾದರೂ

ಒಳಗೆ ಕರೆದರು.