ಸೊಲ್ಲು ಎತ್ತುವವಳು

ವೇಲಚೇರಿ, ಚೆನ್ನೈ
೧೮ ಜನವರಿ ೨೦೦೪

ಪ್ರೀತಿಯ ಸಣ್ಣಮ್ಮಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಬೆಟ್ಟ ಹತ್ತಿ ಇಳಿಯಬೇಡ, ಸೌದೆಗೆ ಭಾವನೇ ಹೋಗಲಿ. ಪೋಡಿನ ಮನೆಗಳಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈ ಸಲ ರಾಗಿ ಆನೆಗಳ ಪಾಲಾಗದೆ ಉಳಿಯಿತಂತೆ, ಕೇಳಿ ಅವ್ವ ನಕ್ಕಳು. ಅಕ್ಕಾ, ಈ ಕಾಗದವನ್ನು ನೀನೊಬ್ಬಳೇ ಕೂತು ಓದಿಕೋ.

ಗಂಟಲುನೋವೆಂದು ಅವ್ವನನ್ನು ಇಲ್ಲಿಗೆ ಕರೆತಂದಾಗ ಮಾತ್ರೆಯಲ್ಲಿ ಹೋಗುತ್ತದೆ ಅಂದುಕೊಂಡಿದ್ದೆವು. ಎಗ್ಮೋರಿನ ರೈಲ್ವೆ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಅಲೆದೆ. ಕೊನೆಗೆ ಡಾಕ್ಟರು, ಅದು ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತಾರೆ ಎಂದರು. ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಹೆಂಡತಿ ನಾಗಮಣಿಯೇ ಹೇಳಿದಳು. ಅವ್ವ, “ದನಿ ಕೊಟ್ಬುಟ್ಟು ನಾ ಯಾರಾಗಿ ವಾಪಸ್ ಹೋಗ್ಲಿ ಮಗ? ರಂಗಬಾವನ್ನ ಏನಂತ ಕರೀಲಿ?” ಎಂದಳು. ರೊಟ್ಟಿ ಹಬ್ಬದಲ್ಲಿ ಅವಳು ಹಾಡಿನ ಸೊಲ್ಲು ಎತ್ತದೆ ಬೆಂಕಿಯ ಸುತ್ತ ಒಬ್ಬರ ಹೆಜ್ಜೆಯೂ ಏಳದು. ಬೆಟ್ಟದ ದೇವರು ರಂಗಪ್ಪ ನಮ್ಮ ಸೋಲಿಗರ ಹುಡುಗಿಯನ್ನು ಕಟ್ಟಿಕೊಂಡು ನಮಗೆ ಭಾವನಾದ ಕಥೆಯೆಲ್ಲ ಅವಳ ಗಂಟಲಲ್ಲೇ ಇದ್ದದ್ದು.

ಅವಳು ಒಪ್ಪಲಿಲ್ಲ. ಬೆಟ್ಟಕ್ಕೆ ಕಳಿಸು, ಕಲ್ಲುಗುಡಿಯಲ್ಲಿ ಹಿರಿಯರ ಪಕ್ಕ ಮಣ್ಣಾಗುತ್ತೇನೆ ಎಂದು ಹಟ ಹಿಡಿದಳು. ಒಪ್ಪಿಸಿದವಳು ನಮ್ಮ ಪಾವನಾ. ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರಿಸುವ ಈ ಮಗಳು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು, “ಪಾಟ್ಟಿ, ನೀ ಇರುಂದಾ ಪೋದುಂ” ಎಂದು ಅತ್ತಳು. ನೀನಿದ್ದರೆ ಸಾಕು ಎಂದದ್ದನ್ನು ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ಸ್ನಾನ ಮಾಡಿ ಮೆಟ್ಟಿಲ ಮೇಲೆ ಕೂತು ಹಾಡಿದಳು. ಟೇಪಿನಲ್ಲಿ ಹಿಡಿಯೋಣವೆಂದರೆ ಬೇಡವೆಂದಳು. ಹಾಡಿಗೆ ತಿರುಗಿ ಹೇಳುವವರು ಬೇಕು, ಪೆಟ್ಟಿಗೆ ತಿರುಗಿ ಹೇಳುತ್ತದೆಯೇ ಎಂದಳು. ನಾನೇ ಹೇಳಿದೆ, ತಪ್ಪುತಪ್ಪಾಗಿ. ನೀರಿನ ಲಾರಿಗೆ ಕೊಡ ಹಿಡಿದು ನಿಂತಿದ್ದವರೆಲ್ಲ ನಮ್ಮತ್ತ ತಿರುಗಿದರು. ನಡುನಡುವೆ ದನಿ ಒಡೆಯುತ್ತಿತ್ತು, ಕೆಮ್ಮಿ ಮತ್ತೆ ಎತ್ತುತ್ತಿದ್ದಳು. ಮುಗಿದ ಮೇಲೆ ತಾನೇ ಎದ್ದು ಚಪ್ಪಲಿ ಮೆಟ್ಟಿದಳು.

ಆಪರೇಷನ್ ಚೆನ್ನಾಗಿ ಆಯಿತು. ಅವ್ವ ಬದುಕಿದ್ದಾಳೆ ಅಕ್ಕಾ, ಗಂಜಿ ಕುಡಿಯುತ್ತಾಳೆ. ಕತ್ತಿನಲ್ಲಿ ಮಾಡಿರುವ ತೂತಿನಿಂದ ಉಸಿರಾಡುತ್ತಾಳೆ. ನೋಡಿ ಹೆದರಬೇಡ. ನಮ್ಮನ್ನು ಕರೆಯಲು ಕೈತಟ್ಟುತ್ತಾಳೆ. ನಿನ್ನೆ ಬೆಳಿಗ್ಗೆ ನಾನು ಕಾಫಿ ಕೊಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು, ತುಟಿ ಆಡುತ್ತಿತ್ತು. ಹಾಡು ಅಂತ ಗೊತ್ತಾಯಿತು. ಯಾವ ಹಾಡು ಅಂತ ಗೊತ್ತಾಗಲಿಲ್ಲ. ತಿರುಗಿ ಏನು ಹೇಳಬೇಕೋ ತಿಳಿಯದೆ ಲೋಟ ಹಿಡಿದು ನಿಂತುಬಿಟ್ಟೆ.

ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ರಂಗಪ್ಪ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಮ್ಮ,
ಅಂದಾನಿ

ಮರೆತಿದ್ದೆ: ಹಬ್ಬದ ಹೊತ್ತಿಗೆ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಈ ಸಲ ಯಾರು ಸೊಲ್ಲು ಎತ್ತುವುದು ಎಂದು ಕೇಳಿದೆ. ಗೋಡೆಯ ಮೇಲಿನ ನಿನ್ನ ಮದುವೆ ಫೋಟೋ ತೋರಿಸಿದಳು. ನನ್ನ ಕೈಲಾಗದು ಅನ್ನಬೇಡ ಅಕ್ಕಾ. ಅವಳು ಎದುರಿಗೇ ಕೂತಿರುತ್ತಾಳೆ, ತಪ್ಪಿದರೂ ತಿದ್ದಲಾರಳು. ಅಳು ಬಂದರೂ ನಡುವೆ ನಿಲ್ಲಿಸಬೇಡ.